ಒಲೆ ಹತ್ತುವ ಮೊದಲಿನ ಅಪಾಯ

ಬಾಳೆಹೊನ್ನೂರಿನ ಪಕ್ಕದಲ್ಲೇ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. 1925ರಿಂದ ಅಲ್ಲಿ ಕಾಫಿ ಗಿಡದ ರೋಗ, ಕೀಟಗಳ ಅಧ್ಯಯನ ನಡೆದಿದೆ. ಎಲೆ ತುಕ್ಕು, ಕಾಂಡಕೊರಕ, ಕಾಯಿಕೊರಕ ಎಂದರೆ ಈ ಭಾಗದ ಬೆಳೆಗಾರನಿಗೆ ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರು ಹಳದಿ ಎಲೆ ರೋಗದ ಬಗ್ಗೆ, ಎಲೆಚುಕ್ಕಿಯ ಬಗ್ಗೆ ಅಧಿಕಾರಿಗಳಿಗೇ ಪಾಠ ಮಾಡಬಲ್ಲರು. ಗಿಡವನ್ನು ತಿಂದು ಬದುಕುವ ಜೀವಿಗಳ ಬಗ್ಗೆ ಇಷ್ಟೆಲ್ಲ ಬಲ್ಲ ಸೀಮೆ, ಅದೇ ತೋಟಕ್ಕೆ ರಾತ್ರಿ ನುಗ್ಗಿ ಬುಡ ಕೆದಕಿ ಹೋಗುವ ಕಾಡುಹಂದಿಯ ಮೈಯೊಳಗೆ ಏನೇನು ವಾಸ ಮಾಡುತ್ತಿದೆ ಎಂದು ಕೇಳಿದ್ದು ಕಡಿಮೆ. ಅದು ಬೆಳೆ ಹಾಳುಮಾಡುವ ಪ್ರಾಣಿ ಅಥವಾ ಗುಟ್ಟಾಗಿ ಹಂಚಿಕೊಳ್ಳುವ ಮಾಂಸ. ಇವೆರಡರಾಚೆಗೆ ಅದರ ಮಾತು ಹೋಗುವುದಿಲ್ಲ. ಯಾರಾದರೂ ಕೇಳಿದರೂ ‘ಚೆನ್ನಾಗಿ ಬೇಯಿಸಿದರೆ ಏನೂ ಆಗೋದಿಲ್ಲ’ ಎಂಬ ಒಂದೇ ಉತ್ತರ. ಆ ಉತ್ತರ ಸುಳ್ಳಲ್ಲ. ಆದರೆ ಅದು ಸಮಸ್ಯೆಯ ಸಣ್ಣ ಭಾಗಕ್ಕೆ ಮಾತ್ರ ಉತ್ತರ. ಕಾಡುಪ್ರಾಣಿಯ ಮೈಯಲ್ಲಿರುವ ಪರಾವಲಂಬಿ ಜೀವಿಗಳಿಂದ ಮಲೆನಾಡಿನ ಮನುಷ್ಯನಿಗಿರುವ ಅಪಾಯದ ಹೆಚ್ಚಿನ ಪಾಲು ಬೇಯುವ ಪಾತ್ರೆಯಲ್ಲಿಲ್ಲ. ಅದು ಒಲೆ ಹತ್ತುವ ಮೊದಲೇ, ಹಂದಿಯನ್ನು ಹೊತ್ತು ತಂದು ಕುಯ್ದು ಬೇಡದ್ದನ್ನು ಎಸೆಯುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಅದಕ್ಕೆ ಬೇಕಾದ ಎಚ್ಚರಿಕೆಯೂ ಬೇರೆಯದೇ.

ಮೊದಲು ಪಾತ್ರೆಯ ವಿಷಯವನ್ನೇ ಮುಗಿಸೋಣ. ಹಂದಿಮಾಂಸದ ಬಗ್ಗೆ ಜಗತ್ತು ಹೆದರಿದ್ದು ಟ್ರೈಕಿನೆಲ್ಲಾ ಎಂಬ ಸೂಕ್ಷ್ಮ ಹುಳುವಿಗೆ. ಇದರ ಮರಿಗಳು ಪ್ರಾಣಿಯ ಮಾಂಸಖಂಡದೊಳಗೆ, ಅದರಲ್ಲೂ ವಪೆ, ನಾಲಿಗೆ, ದವಡೆಯ ಮಾಂಸದಲ್ಲಿ ಸುರುಳಿ ಸುತ್ತಿಕೊಂಡು ವರ್ಷಗಟ್ಟಲೆ ಕಾಯುತ್ತವೆ. ಸರಿಯಾಗಿ ಬೇಯದ ಮಾಂಸ ತಿಂದವನ ಕರುಳಿನಲ್ಲಿ ಅವು ಬೆಳೆದು ಸಂತಾನ ಹೆಚ್ಚಿಸಿಕೊಳ್ಳುತ್ತವೆ. ಹೊಸ ಮರಿಗಳು ರಕ್ತದ ಮೂಲಕ ಅವನ ಸ್ನಾಯುಗಳಿಗೆ ಹೋಗಿ ನೆಲೆಸುತ್ತವೆ. ಮೊದಲು ಹೊಟ್ಟೆ ಕೆಡುತ್ತದೆ, ಆಮೇಲೆ ಜ್ವರ, ಮೈಕೈ ನೋವು, ಕಣ್ಣಿನ ಸುತ್ತ ಊತ. 1835ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯ ವಿದ್ಯಾರ್ಥಿ ಶವ ಕುಯ್ಯುವಾಗ ಇದನ್ನು ಮೊದಲು ಗುರುತಿಸಿದ. ಮೂವತ್ತು ವರ್ಷದ ನಂತರ, 1865ರಲ್ಲಿ, ಜರ್ಮನಿಯ ಹೆಡರ್ಸ್‌ಲೆಬೆನ್ ಎಂಬ ಊರಿನಲ್ಲಿ ಹಸಿ ಹಂದಿಮಾಂಸ ತಿಂದ 337 ಜನ ಕಾಯಿಲೆ ಬಿದ್ದು 101 ಜನ ಸತ್ತರು. ರುಡಾಲ್ಫ್ ವಿರ್ಚೋ ಎಂಬ ವೈದ್ಯ ಹಟ ಹಿಡಿದು ವಾದಿಸಿದ್ದರಿಂದ ಜರ್ಮನಿಯಲ್ಲಿ ಮಾಂಸ ತಪಾಸಣೆ ಬೇರೂರಿತು. ಇಂದಿಗೂ ಯುರೋಪಿನಲ್ಲಿ ಬೇಟೆಯಾಡಿದ ಕಾಡುಹಂದಿ ಮಾರುಕಟ್ಟೆಗೆ ಬರಬೇಕಾದರೆ ಅದರ ವಪೆಯ ಅಥವಾ ನಾಲಿಗೆಯ ಚಿಕ್ಕ ತುಣುಕನ್ನು ಪೆಪ್ಸಿನ್ ಮತ್ತು ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ನೋಡಿ ಹುಳುವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ದೇಶದಲ್ಲೂ ಉತ್ತರಾಖಂಡದ ಬೆಟ್ಟದ ಊರುಗಳಲ್ಲಿ ಹಂದಿಮಾಂಸದ ಊಟದ ನಂತರ ಈ ಹುಳುವಿನಿಂದ ಸಾವುಗಳಾಗಿರುವುದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ಮಲೆನಾಡಿನಲ್ಲಿ ಇಂಥದ್ದು ದೊಡ್ಡದಾಗಿ ಕೇಳಿಬಂದಿಲ್ಲ ಎನ್ನುವುದಕ್ಕೆ ಮಲೆನಾಡಿನ ಅಡುಗೆಮನೆಗೇ ಕೃತಜ್ಞತೆ ಹೇಳಬೇಕು. ಕಡುಬಿನ ಜೊತೆಗೆ ಆಗುವ ಹಂದಿ ಸಾರು ಗಂಟೆಗಟ್ಟಲೆ ಕುದಿಯುತ್ತದೆ. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಟ್ರೈಕಿನೆಲ್ಲಾ ಸಾಯುತ್ತದೆ. ಲಾಡಿಹುಳುವಿನ ಗುಳ್ಳೆ, ಟಾಕ್ಸೋಪ್ಲಾಸ್ಮಾ ಎಂಬ ಏಕಕೋಶ ಜೀವಿ ಕೂಡ ಆ ಶಾಖದಲ್ಲಿ ಉಳಿಯುವುದಿಲ್ಲ. ಹಸಿಮಾಂಸ ತಿನ್ನುವ ರೂಢಿ ಇಲ್ಲಿಲ್ಲ. ಹೀಗಾಗಿ ‘ಚೆನ್ನಾಗಿ ಬೇಯಿಸಿ’ ಎಂಬ ಉಪದೇಶ ಈ ಸೀಮೆಯ ಮಟ್ಟಿಗೆ ಬೇಯಿಸಿಯೇ ತಿನ್ನುವವರಿಗೆ ಮಾಡಿದ ಉಪದೇಶ. ಒಂದೆರಡು ಕಡೆ ಮಾತ್ರ ಅದು ಬೇಕು. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸ ಬೆಂದಂತಲ್ಲ. ಹೊಗೆಯಾಗಲಿ ಉಪ್ಪಾಗಲಿ ಈ ಹುಳುಗಳನ್ನು ಖಂಡಿತವಾಗಿ ಕೊಲ್ಲುತ್ತವೆ ಎನ್ನುವಂತಿಲ್ಲ. ಇನ್ನೊಂದು, ಈಚೆಗೆ ಬಂದಿರುವ ಕೆಂಡದ ಮೇಲೆ ಸುಡುವ ಶೋಕಿ. ಹೊರಗೆ ಕರಿದಾಗಿ, ಒಳಗೆ ಕೆಂಪಾಗಿ ಉಳಿಯುವ ತುಂಡು ಅಜ್ಜಿಯ ಕಾಲದ ಅಡುಗೆಮನೆಯಿಂದ ಹೊರಬರುತ್ತಿರಲಿಲ್ಲ. ಪೇಟೆಯಿಂದ ಬಂದವರ ಮುಂದೆ ಬೆಂಕಿ ಹಾಕಿ ಕೂರುವ ಹೊಸ ರೂಢಿ ಹಳೆಯ ಅಡುಗೆ ಕೊಟ್ಟಿದ್ದ ರಕ್ಷಣೆಯನ್ನು ಸದ್ದಿಲ್ಲದೆ ಕಳೆಯುತ್ತಿದೆ. ಸಾಕಿದ ಹಂದಿಗೂ ಈ ಮಾತು ಅಷ್ಟೇ ಅನ್ವಯ.

ಈಗ ಒಲೆಯಿಂದಾಚೆಗೆ ಬರೋಣ. ಹಳು ಸೋವಿ ಹೊಡೆದದ್ದಿರಲಿ, ಉರುಳಿಗೆ ಬಿದ್ದದ್ದಿರಲಿ, ಪ್ರಾಣಿಯನ್ನು ಕುಯ್ಯುವ ಜಾಗ ಸಾಮಾನ್ಯವಾಗಿ ಹಳ್ಳದ ಪಕ್ಕ ಅಥವಾ ತೋಟದ ಮೂಲೆ. ಕತ್ತಲು, ಅವಸರ, ಹೆದರಿಕೆ. ಮಾಂಸ ಪಾಲಾಗುತ್ತದೆ, ಕರುಳು, ಪುಪ್ಪುಸ, ಗುಳ್ಳೆ ಕಂಡದ್ದರಿಂದ ಬೇಡವೆನಿಸಿದ ಈಲಿಯ ತುಂಡು ಅಲ್ಲೇ ಉಳಿಯುತ್ತವೆ ಅಥವಾ ಜೊತೆಗಿದ್ದ ನಾಯಿಗಳ ಪಾಲಾಗುತ್ತವೆ. ನಾಯಿಗೂ ದುಡಿಮೆಯ ಪಾಲು ಸಲ್ಲಬೇಕೆಂಬ ಮಲೆನಾಡಿನ ನ್ಯಾಯ ಇದರಲ್ಲಿದೆ. ಈ ಸೀಮೆಯ ಸಾಹಿತ್ಯದಲ್ಲಿ ಗುತ್ತಿ ಎಂಬ ಪಾತ್ರದ ನಾಯಿ ಹುಲಿಯನಿಗೆ ಸಿಕ್ಕ ಜಾಗವೂ ಅಂಥದ್ದೇ. ಆದರೆ ಒಂದು ಪರಾವಲಂಬಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಇಲ್ಲ. ಎಕಿನೋಕಾಕಸ್ ಎಂಬ ಲಾಡಿಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಲಾಡಿಹುಳುಗಳಲ್ಲಿ ಇದು ತೀರ ಚಿಕ್ಕದು, ಕೆಲವೇ ಮಿಲಿಮೀಟರ್ ಉದ್ದ. ನಾಯಿಗೆ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಚೆನ್ನಾಗಿ ತಿಂದುಂಡು ಓಡಾಡಿಕೊಂಡಿರುತ್ತದೆ. ಅದರ ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ಹುಲ್ಲಿಗೆ, ನೀರಿಗೆ ಸೇರುತ್ತವೆ. ಅದನ್ನು ಮೇದ ದನ, ಎಮ್ಮೆ, ಕುರಿ, ಆಡು, ಹಂದಿ, ಕಡವೆಯಂಥ ಗೊರಸಿನ ಪ್ರಾಣಿಗಳ ಈಲಿಯಲ್ಲಿ, ಪುಪ್ಪುಸದಲ್ಲಿ ನೀರು ತುಂಬಿದ ಗುಳ್ಳೆಗಳು ಬೆಳೆಯುತ್ತವೆ. ಆ ಗುಳ್ಳೆಯಿರುವ ಹಸಿ ಅಂಗವನ್ನು ನಾಯಿ ತಿಂದರೆ ಚಕ್ರ ಪೂರ್ತಿಯಾಗುತ್ತದೆ. ನಾಯಿಗೆ ಹಸಿ ಈಲಿ ಸಿಗದಿದ್ದರೆ ಈ ಹುಳುವಿನ ವಂಶ ಅಲ್ಲಿಗೇ ನಿಲ್ಲುತ್ತದೆ.

ಮನುಷ್ಯ ಈ ಚಕ್ರಕ್ಕೆ ಸಿಕ್ಕಿಬೀಳುವುದು ಮಾಂಸ ತಿಂದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ನಾಯಿಯ ಮಲದಲ್ಲಿದ್ದ ಮೊಟ್ಟೆ ಅದರ ಕೂದಲಿಗೆ ಅಂಟಿ, ಅದನ್ನು ಮುದ್ದಾಡಿದ ಮಗುವಿನ ಕೈಗೆ ಬಂದು, ಬಾಯಿಗೆ ಹೋಗುತ್ತದೆ. ಅಂಗಳದ ಮೂಲೆಯ ಒಂದೆಲಗ, ಕೊತ್ತಂಬರಿ ಸೊಪ್ಪಿನ ಮೇಲೆ, ಮುಚ್ಚಳವಿಲ್ಲದ ಬಾವಿಯ ನೀರಿನಲ್ಲಿ, ಮೇಲಿನ ತೋಟದಿಂದ ಹರಿದು ಬರುವ ದಂಬೆಯ ನೀರಿನಲ್ಲಿ ಅದು ಬರಬಹುದು. ತಂಪು, ತೇವ ಇರುವ ಮಣ್ಣಿನಲ್ಲಿ ಈ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕುತ್ತವೆ; ಮಲೆನಾಡಿನ ನೆಲಕ್ಕಿಂತ ಹಿತವಾದ ಜಾಗ ಅವಕ್ಕೆ ಬೇರೆ ಬೇಕೇ? ಒಳಹೋದ ಮೇಲೆ ಮನುಷ್ಯನ ಈಲಿಯಲ್ಲೋ ಶ್ವಾಸಕೋಶದಲ್ಲೋ ಗುಳ್ಳೆ ನಿಧಾನವಾಗಿ, ವರ್ಷಕ್ಕೆ ಇಷ್ಟಿಷ್ಟೇ ಬೆಳೆಯುತ್ತದೆ. ಹತ್ತು ಹದಿನೈದು ವರ್ಷ ಸುದ್ದಿಯೇ ಇರುವುದಿಲ್ಲ. ಆಮೇಲೆ ಒಂದು ದಿನ ಹೊಟ್ಟೆ ಭಾರವೆಂದು ಸ್ಕ್ಯಾನ್ ಮಾಡಿಸಿದಾಗ ಮೂಸಂಬಿ ಗಾತ್ರದ ಗಡ್ಡೆ ಕಾಣುತ್ತದೆ. ಒಳಗೇ ಒಡೆದರೆ ಅದರ ನೀರಿಗೆ ಮೈ ತೀವ್ರವಾಗಿ ಪ್ರತಿಕ್ರಿಯಿಸಿ ಪ್ರಾಣಕ್ಕೇ ಸಂಚಕಾರ. ಶಸ್ತ್ರಚಿಕಿತ್ಸೆ, ಆಲ್ಬೆಂಡಜೋಲ್ ಮಾತ್ರೆಯ ದೀರ್ಘ ಚಿಕಿತ್ಸೆ, ಮಣಿಪಾಲಕ್ಕೋ ಮಂಗಳೂರಿಗೋ ಓಡಾಟ. ಇಷ್ಟೆಲ್ಲ ಅನುಭವಿಸುವವರು ಜೀವಮಾನದಲ್ಲಿ ಮಾಂಸ ಮುಟ್ಟದವರೂ ಆಗಿರಬಹುದು. ಪಕ್ಕದ ಮನೆಯ ನಾಯಿ ಯಾವ ಹಳ್ಳದ ದಂಡೆಯಲ್ಲಿ ಏನು ತಿಂದು ಬಂತು ಎಂಬುದು ಅವರ ಆಚಾರವಿಚಾರದ ಹತೋಟಿಯಲ್ಲಿ ಇರುವಂಥದ್ದಲ್ಲ. ನಿಜ ಹೇಳಬೇಕೆಂದರೆ ಭಾರತದಲ್ಲಿ ಈ ಹುಳುವಿನ ಮುಖ್ಯ ಆಸರೆ ಕಾಡುಪ್ರಾಣಿಯಲ್ಲ, ಸಾಕುಪ್ರಾಣಿ. ಮಾರಿಹಬ್ಬಕ್ಕೆ ಕುರಿ ಕಡಿದು ಕರುಳನ್ನು ಬೀದಿನಾಯಿಗೆ ಎಸೆಯುವಲ್ಲಿಯೂ ಇದೇ ಚಕ್ರ ತಿರುಗುತ್ತದೆ. ಕಾಡಿನ ಶಿಕಾರಿ ಅದಕ್ಕೆ ಇನ್ನೊಂದು ಕವಲು ಕೂಡಿಸುತ್ತದೆ. ಆ ಕವಲು ಕತ್ತಲಲ್ಲಿ ಇರುವುದರಿಂದ ಅಳೆಯುವುದಕ್ಕೇ ಸಿಗುವುದಿಲ್ಲ.

ಹಂದಿಯ ಇನ್ನೊಂದು ಲಾಡಿಹುಳುವಿನ ಕಥೆಯಲ್ಲೂ ಇಂಥದ್ದೇ ತಿರುವಿದೆ. ಟೀನಿಯಾ ಸೋಲಿಯಂ ಎಂಬ ಈ ಹುಳು ಮನುಷ್ಯನ ಕರುಳಿನಲ್ಲಿ ಬೆಳೆಯುತ್ತದೆ. ಅವನ ಮಲ ತಿಂದ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳಾಗುತ್ತವೆ. ಅರೆಬೆಂದ ಮಾಂಸ ತಿಂದವನಿಗೆ ಬರುವುದು ಲಾಡಿಹುಳು ಮಾತ್ರ, ಅದು ಒಂದು ಮಾತ್ರೆಗೆ ಹೋಗುತ್ತದೆ. ಮಿದುಳಿನಲ್ಲಿ ಗುಳ್ಳೆಯಾಗಿ ಫಿಟ್ಸ್ ಬರಿಸುವ ರೂಪ ಬರುವುದು, ಹುಳು ಇರುವ ಮನುಷ್ಯನ ಮಲದಿಂದ ಹೊರಟ ಮೊಟ್ಟೆ ಅವನದೇ ಅಥವಾ ಇನ್ನೊಬ್ಬರ ಬಾಯಿಗೆ ಹೋದಾಗ. ಭಾರತದಲ್ಲಿ ಮೂರ್ಛೆರೋಗದ ದೊಡ್ಡ ಕಾರಣಗಳಲ್ಲಿ ಇದೂ ಒಂದು, ಮತ್ತು ಸಸ್ಯಾಹಾರಿಗಳಲ್ಲೂ ಇದು ಧಾರಾಳವಾಗಿ ಕಾಣುತ್ತದೆ. ಎಸ್ಟೇಟ್ ಲೈನುಗಳಲ್ಲಿ ಶೌಚಾಲಯ ಸಾಲದೆ ಜನ ತೋಟದೊಳಗೆ ಹೋಗುವಷ್ಟು ದಿನ, ರಾತ್ರಿ ಅದೇ ತೋಟ ಕೆದಕುವ ಕಾಡುಹಂದಿ ‘ಕಾಡಿನ ಶುದ್ಧ ಪ್ರಾಣಿ’ ಎಂಬ ನಂಬಿಕೆಗೆ ಆಧಾರವಿಲ್ಲ. ಇಲ್ಲಿ ತಪ್ಪು ಕೂಲಿಯವರದ್ದಲ್ಲ, ಶೌಚಾಲಯ ಕಟ್ಟಿಸದ ಮಾಲೀಕರದ್ದು.

ಮೈಯೊಳಗಿನ ಹುಳುಗಳ ಮಾತು ಇಷ್ಟಾಯಿತು. ಮೈಮೇಲಿನ ಪರಾವಲಂಬಿ ಈ ಸೀಮೆಗೆ ಇನ್ನೂ ಹತ್ತಿರದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತಾಗ, ಸುತ್ತಲಿನ ಜನಕ್ಕೆ ಜ್ವರ ಬಂದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹುಡುಕಿ ಹಿಡಿದದ್ದು ಒಂದು ವೈರಸ್ಸನ್ನು, ಮತ್ತು ಅದನ್ನು ಹೊತ್ತು ತಿರುಗುವ ಉಣ್ಣೆಯನ್ನು. ಮಂಗನ ಕಾಯಿಲೆ ಎಂಬ ಹೆಸರು ಮಂಗಕ್ಕೆ ಅಂಟಿತು. ಹರಡುವ ಕೆಲಸ ಮಾತ್ರ ಉಣ್ಣೆಯದು. ಆ ಉಣ್ಣೆಯ ಮರಿಗಳು ಇಲಿ, ಅಳಿಲು, ಹಕ್ಕಿ, ಮಂಗಗಳ ರಕ್ತ ಹೀರುತ್ತವೆ, ಬೆಳೆದವು ದನದಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತವೆ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. 2024ರ ಹಾವಳಿಯಲ್ಲಿ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರು ತೀರಿಕೊಂಡರು. ಕೊಪ್ಪ, ನರಸಿಂಹರಾಜಪುರಗಳೂ ಈಗ ಪ್ರತಿ ಬೇಸಿಗೆಗೆ ಮೊದಲು ಆತಂಕದಿಂದ ಕಾಯುವ ತಾಲ್ಲೂಕುಗಳು. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು, ಹೊಸದು ಪ್ರಯೋಗದ ಹಂತದಲ್ಲಿದೆ. ಹೀಗಾಗಿ ಸದ್ಯಕ್ಕೆ ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದೊಂದೇ ದಾರಿ. ಉಣ್ಣೆಯ ಒಂದು ಸ್ವಭಾವವನ್ನು ಮಂಗನ ಕಾಯಿಲೆ ನಮಗೆ ಕಲಿಸಿದೆ: ಆಸರೆ ಕೊಟ್ಟ ಪ್ರಾಣಿ ಸತ್ತು ಮೈ ತಣ್ಣಗಾದ ಕೂಡಲೇ ಅದು ಇಳಿದು ಬೇರೆ ಮೈ ಹುಡುಕುತ್ತದೆ. ಸತ್ತ ಮಂಗದ ಸುತ್ತಲ ಜಾಗ ಅಷ್ಟು ಅಪಾಯದ್ದಾಗುವುದು ಇದಕ್ಕೇ. ಸತ್ತ ಹಂದಿಯನ್ನೋ ಕಾಡುಕುರಿಯನ್ನೋ ಬರಿಮೈಯಲ್ಲಿ ಹೆಗಲಿಗೇರಿಸಿ ಎರಡು ಗುಡ್ಡ ದಾಟುವವನು, ಇಳಿಯಲು ಸಿದ್ಧವಾದ ಉಣ್ಣೆಗಳಿಗೆ ತನ್ನ ಕುತ್ತಿಗೆಯನ್ನೇ ಒಡ್ಡುತ್ತಾನೆ. ಜೊತೆಗೆ ಓಡಿದ ನಾಯಿ ಉಳಿದವನ್ನು ಮನೆಯ ಜಗಲಿಗೆ ತರುತ್ತದೆ. ಇದರಲ್ಲಿ ಎಷ್ಟು ಬೇಯಿಸಿದರೂ ಪ್ರಯೋಜನವಿಲ್ಲ.

ಇಷ್ಟು ಹೇಳಿದ ಮೇಲೆ ಎದ್ದೇಳುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ನಮ್ಮ ಅಜ್ಜಂದಿರು ಇದನ್ನೆಲ್ಲ ತಿಂದೇ ತೊಂಬತ್ತು ವರ್ಷ ಬದುಕಲಿಲ್ಲವೇ? ಬದುಕಿದರು. ಆದರೆ ತೊಂಬತ್ತು ಬದುಕಿದವರ ನೆನಪಷ್ಟೇ ಉಳಿಯುತ್ತದೆ. ನಲವತ್ತಕ್ಕೆ ‘ಹೊಟ್ಟೆಯಲ್ಲಿ ಗಡ್ಡೆಯಾಗಿ’ ಹೋದವರು, ‘ಮೈಮೇಲೆ ಬಂದು’ ಬಿದ್ದು ಒದ್ದಾಡಿದವರು ಯಾವ ಹುಳುವಿನ ಲೆಕ್ಕಕ್ಕೂ ಸೇರಲಿಲ್ಲ. ಹದಿನೈದು ವರ್ಷ ತಡವಾಗಿ ಕಾಣುವ ಕಾಯಿಲೆಯನ್ನು ಅದರ ಕಾರಣಕ್ಕೆ ಗಂಟುಹಾಕುವುದು ಬರಿಗಣ್ಣಿಗೆ ಆಗದ ಕೆಲಸ. ಮಂಗನ ಕಾಯಿಲೆಯೂ 1957ಕ್ಕೆ ಮೊದಲು ಹೆಸರಿಲ್ಲದ ಜ್ವರವೇ ಆಗಿತ್ತು. ಹೆಸರಿಲ್ಲದ್ದರಿಂದ ಅದು ಇರಲಿಲ್ಲ ಎಂದಾಗುವುದಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಅಜ್ಜನ ಕಾಲದಲ್ಲಿ ಕ್ಯಾನ್ಸರಿನ ಔಷಧ ತೆಗೆದುಕೊಳ್ಳುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಊರಲ್ಲಿರಲಿಲ್ಲ. ರೋಗನಿರೋಧಕ ಶಕ್ತಿಯನ್ನು ಔಷಧದಿಂದಲೇ ತಗ್ಗಿಸಿಕೊಂಡವರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ, ಗಟ್ಟಿಮುಟ್ಟಾದವನು ಅರಗಿಸಿಕೊಳ್ಳುವ ಟಾಕ್ಸೋಪ್ಲಾಸ್ಮಾ ಕೂಡ ದೊಡ್ಡ ಕಂಟಕ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ, ಮತ್ತು ಅದಕ್ಕೆ ತೂಕ ಹೆಚ್ಚು. ಶಿಕಾರಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. 2023ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಮಾಂಸ ಇಟ್ಟುಕೊಂಡರೂ ಕೇಸು. ಹೀಗಿರುವಾಗ ಕುಯ್ಯುವಾಗ ಗ್ಲೌಸ್ ಹಾಕಿಕೊಳ್ಳಿ, ಕರುಳು ಹೂಳಿ ಎಂದು ಹೇಳಿಕೊಡುವುದು ಅಪರಾಧಕ್ಕೆ ಕೈಪಿಡಿ ಬರೆದಂತಲ್ಲವೇ? ನನ್ನ ಉತ್ತರ ಇದು: ಶಿಕಾರಿ ನಿಲ್ಲಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ, ಆದರೆ ಕಾಯ್ದೆಯ ಉದ್ದೇಶ ಕಾಡುಪ್ರಾಣಿಯನ್ನು ಉಳಿಸುವುದು. ಶಿಕಾರಿ ಮಾಡಿದವನ ಮಗುವಿನ ಈಲಿಯಲ್ಲಿ ಗಡ್ಡೆ ಬೆಳೆಸುವುದು ಅದು ವಿಧಿಸಿದ ಶಿಕ್ಷೆಯಲ್ಲ. ಶಿಕಾರಿಗೂ ತಮಗೂ ಸಂಬಂಧವೇ ಇಲ್ಲದ ಪಕ್ಕದ ಮನೆಯವರಿಗಂತೂ ಅಲ್ಲವೇ ಅಲ್ಲ. ಗುಟ್ಟಿನಿಂದ ಆಗುವ ದೊಡ್ಡ ಕೆಡುಕು ಡಾಕ್ಟರ ಕೋಣೆಯಲ್ಲಿ ಕಾಣುತ್ತದೆ. ಜ್ವರ, ಮೈಕೈ ನೋವು, ರಕ್ತಪರೀಕ್ಷೆಯಲ್ಲಿ ಇಯೋಸಿನೋಫಿಲ್ ಕಣಗಳ ಏರಿಕೆ ಇಟ್ಟುಕೊಂಡು ಬಂದವನನ್ನು ‘ಏನು ತಿಂದಿದ್ದೆ, ಕಾಡಿಗೆ ಹೋಗಿದ್ದೆಯಾ?’ ಎಂದು ಕೇಳಿದರೆ ಅವನು ಅರಣ್ಯ ಇಲಾಖೆಯನ್ನು ನೆನೆದು ಇಲ್ಲವೆನ್ನುತ್ತಾನೆ. ಡಾಕ್ಟರು ಸಾಮಾನ್ಯ ಕಾಯಿಲೆಗಳ ದಾರಿ ಹಿಡಿಯುತ್ತಾರೆ. ಮಣಿಪುರದಲ್ಲಿ ಹೊಳೆಯ ಏಡಿಯಿಂದ ಬರುವ ಶ್ವಾಸಕೋಶದ ಚಪ್ಪಟೆಹುಳುವನ್ನು ಕ್ಷಯವೆಂದು ತಿಳಿದು ಜನರಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದ್ದುಂಟು; ಏನು ತಿಂದಿರಿ ಎಂಬ ಪ್ರಶ್ನೆ ಸರಿಯಾಗಿ ಕೇಳಿದ ಮೇಲೆ ಕಾಯಿಲೆ ಬಯಲಿಗೆ ಬಂತು. ರೋಗಿ ಹೇಳಿದ್ದನ್ನು ಹೊರಗೆಡಹದಿರುವುದು ವೈದ್ಯವೃತ್ತಿಯ ನಿಯಮ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆ ನಿಯಮವನ್ನು ಬಾಯಿಬಿಟ್ಟು ಹೇಳುವ ರೂಢಿ ಬರಬೇಕು, ‘ನೀವು ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ’ ಎಂದು.

ಇನ್ನು, ಹಾಗಾದರೆ ಬೇಟೆಯನ್ನೇ ಕಾನೂನುಬದ್ಧ ಮಾಡಿ ಯುರೋಪಿನಂತೆ ತಪಾಸಣೆ ತನ್ನಿ ಎನ್ನುವವರು. ಇವರ ಹಿಂದೆ ನಿಜವಾದ ಸಂಕಟವಿದೆ. ಒಂದು ರಾತ್ರಿಯಲ್ಲಿ ಗದ್ದೆ, ಶುಂಠಿ ಪಟ್ಟೆ, ಬಾಳೆಯ ಬುಡ ಎಲ್ಲ ಉತ್ತಂತಾಗಿರುವುದನ್ನು ಬೆಳಿಗ್ಗೆ ನೋಡುವ ರೈತನ ಕೋಪ ಅಸಹಜವಲ್ಲ. ಪರಿಹಾರದ ಅರ್ಜಿ ಹಿಡಿದು ಅಲೆಯುವುದು ಆ ಕೋಪವನ್ನು ಇಮ್ಮಡಿ ಮಾಡುತ್ತದೆ. ಆದರೆ ಬೆಳೆ ರಕ್ಷಣೆ ಬೇರೆ, ಊಟ ಬೇರೆ. ನೆರೆಯ ಕೇರಳ 2022ರಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ನೀಡಿತು. ಕೊಂದದ್ದನ್ನು ಹೂಳಬೇಕೆಂಬ ಷರತ್ತನ್ನೂ ಇಟ್ಟಿತು. ಯುರೋಪಿನ ತಪಾಸಣೆ ನೂರೈವತ್ತು ವರ್ಷಗಳಲ್ಲಿ ಕಟ್ಟಿದ್ದು. ಅದರ ಹಿಂದೆ ಪ್ರಯೋಗಾಲಯ, ತರಬೇತಿ ಪಡೆದ ಬೇಟೆಗಾರ, ಸುಳ್ಳು ಹೇಳಿದರೆ ಬೀಳುವ ದಂಡ ಎಲ್ಲ ಇವೆ. ಕುರಿಮಾಂಸದ ಅಂಗಡಿಗಳಲ್ಲೇ ಪಶುವೈದ್ಯರ ಮುದ್ರೆ ಅಪರೂಪವಾಗಿರುವ ನಮ್ಮ ತಾಲ್ಲೂಕುಗಳಲ್ಲಿ ಕಾಡುಹಂದಿಗೆ ಆ ಮುದ್ರೆ ಬೀಳುತ್ತದೆಂದು ನಂಬುವುದು ಕಷ್ಟ. ಅನುಮತಿ ಮೊದಲು ಬಂದು ತಪಾಸಣೆ ಆಮೇಲೆ ಬರುವುದಾದರೆ, ಈ ಲೇಖನದಲ್ಲಿ ಹೇಳಿದ ಅಪಾಯಗಳೆಲ್ಲ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಕಾನೂನನ್ನು ಮುಟ್ಟದೆಯೇ ಮಾಡಬಹುದಾದ ಕೆಲಸಗಳು ಇವೆ, ಮತ್ತು ಅದಕ್ಕೆ ಬೇಕಾದ ಅಚ್ಚು ಈ ಸೀಮೆಯಲ್ಲೇ ಸಿದ್ಧವಿದೆ. ಮಂಗ ಸತ್ತರೆ ಏನು ಮಾಡಬೇಕೆಂದು ಇಂದು ಮಲೆನಾಡಿನ ಶಾಲೆಯ ಮಕ್ಕಳಿಗೂ ಗೊತ್ತು: ಮುಟ್ಟಬಾರದು, ಸುದ್ದಿ ಮುಟ್ಟಿಸಬೇಕು, ಪಶುವೈದ್ಯರು ಬಂದು ಶವಪರೀಕ್ಷೆ ಮಾಡಿ ಮಾದರಿ ಕಳಿಸುತ್ತಾರೆ, ಶವ ಸುಡುತ್ತಾರೆ, ಸುತ್ತ ಮಾಲಾಥಿಯಾನ್ ಪುಡಿ ಚೆಲ್ಲುತ್ತಾರೆ. ಈ ಪಾಠಕ್ಕೆ ಎಷ್ಟೋ ಜೀವ ತೆತ್ತಿದ್ದೇವೆ. ಕಾಡುಹಂದಿಗೆ, ಕಡವೆಗೆ ಇದರ ಅರ್ಧದಷ್ಟಾದರೂ ಮಾಡಲು ಅಡ್ಡಿಯೇನು? ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ, ಬೇಲಿಯ ಕರೆಂಟಿಗೆ ಸಿಕ್ಕಿ ಸತ್ತ ಪ್ರಾಣಿಗಳು ಅರಣ್ಯ ಇಲಾಖೆಯ ಕೈಗೆ ಬರುತ್ತಲೇ ಇರುತ್ತವೆ. ಹೂಳುವ ಅಥವಾ ಸುಡುವ ಮೊದಲು ವಪೆಯ ಒಂದು ತುಣುಕು, ಈಲಿಯ ಗುಳ್ಳೆಯ ಒಂದು ಭಾಗ, ಮೈಮೇಲಿನ ನಾಲ್ಕು ಉಣ್ಣೆ ತೆಗೆದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೋ ಕಳಿಸಿದರೆ, ಐದಾರು ವರ್ಷದಲ್ಲಿ ಭದ್ರಾ ಅಭಯಾರಣ್ಯದ ಅಂಚಿನಿಂದ ಕುದುರೆಮುಖದ ತಪ್ಪಲಿನವರೆಗೆ ಯಾವ ಹುಳು ಎಲ್ಲಿದೆ ಎಂಬ ನಕ್ಷೆ ತಯಾರಾಗುತ್ತದೆ. ಆಗ ಹೆದರಿಕೆಯಾಗಲಿ ಧೈರ್ಯವಾಗಲಿ ಊಹೆಯ ಮೇಲೆ ನಿಲ್ಲಬೇಕಿಲ್ಲ.

ಅದಕ್ಕಿಂತ ಬೇಗ ಫಲ ಕೊಡುವ ಕೆಲಸ ನಾಯಿಯದು. ಹತ್ತೊಂಬತ್ತನೇ ಶತಮಾನದಲ್ಲಿ ಐಸ್‌ಲ್ಯಾಂಡ್ ಈ ಗುಳ್ಳೆರೋಗದಿಂದ ಜಗತ್ತಿನಲ್ಲೇ ಅತಿ ಹೆಚ್ಚು ನರಳಿದ ನಾಡುಗಳಲ್ಲೊಂದು. ಮನೆಮನೆಯಲ್ಲಿ ಕುರಿ, ಮನೆಮನೆಯಲ್ಲಿ ನಾಯಿ, ಮನೆಯಲ್ಲೇ ಕಡಿತ. 1863ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದ ಹರಾಲ್ಡ್ ಕ್ರಾಬೆ ಎಂಬ ಡೇನಿಷ್ ವಿಜ್ಞಾನಿ ಮರುವರ್ಷ ಒಂದು ಕಿರುಹೊತ್ತಗೆ ಬರೆದ. ಸರ್ಕಾರ ಅದನ್ನು ಜನರಿಗೆ ಪುಕ್ಕಟೆ ಹಂಚಿತು. ಗುಳ್ಳೆಯಿರುವ ಅಂಗವನ್ನು ನಾಯಿಗೆ ಹಾಕಬೇಡಿ, ಸುಡಿ ಅಥವಾ ಹೂಳಿ, ನಾಯಿಗೆ ಹುಳುವಿನ ಔಷಧ ಕೊಡಿ, ಕೈ ತೊಳೆಯಿರಿ ಎಂಬುದೇ ಅದರ ಸಾರ. ಆಮೇಲೆ ಕಾನೂನು ಬಂತು, ಕಸಾಯಿಖಾನೆ ಬಂತು, ರೋಗ ಆ ನಾಡಿನಿಂದಲೇ ಮಾಯವಾಯಿತು. ಟಾಸ್ಮೇನಿಯಾ 1996ರಲ್ಲಿ, ನ್ಯೂಜಿಲೆಂಡ್ 2002ರಲ್ಲಿ ಇದೇ ಹಾದಿಯಲ್ಲಿ ರೋಗಮುಕ್ತವೆಂದು ಘೋಷಿಸಿಕೊಂಡವು. ಇವು ದ್ವೀಪಗಳು, ನಾಯಿಗೆ ಅಲ್ಲಿ ಯಜಮಾನನಿರುತ್ತಾನೆ, ನಮ್ಮಲ್ಲಿ ಬೀದಿನಾಯಿಗಳಿವೆ ಎನ್ನಬಹುದು. ಸರಿ, ಅಷ್ಟು ಪೂರ್ತಿ ಗೆಲುವು ನಮಗೆ ಸಿಗಲಿಕ್ಕಿಲ್ಲ. ಆದರೆ ಶಿಕಾರಿಗೆ ಓಡುವುದು, ಎಸ್ಟೇಟ್ ಕಾಯುವುದು, ಮಕ್ಕಳ ಜೊತೆ ಜಗಲಿಯಲ್ಲಿ ಮಲಗುವುದು ಬೀದಿನಾಯಿಯಲ್ಲ, ಮನೆಯ ನಾಯಿ. ಅದಕ್ಕೆ ಯಜಮಾನನಿದ್ದಾನೆ.

ಆ ಯಜಮಾನರಲ್ಲಿ ಮತ್ತು ಇಲಾಖೆಯಲ್ಲಿ ಎರಡು ಕೋರಿಕೆ. ಕಾಡಿನದಾಗಲಿ ಹಟ್ಟಿಯದಾಗಲಿ, ಯಾವ ಪ್ರಾಣಿಯ ಹಸಿ ಈಲಿ, ಪುಪ್ಪುಸ, ಕರುಳನ್ನೂ ನಾಯಿಗೆ ಹಾಕಬೇಡಿ. ಹಾಕಲೇಬೇಕೆಂದರೆ ಅರ್ಧ ಗಂಟೆ ಕುದಿಸಿ ಹಾಕಿ, ಉಳಿದದ್ದನ್ನು ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿ. ಪಶುಪಾಲನಾ ಇಲಾಖೆ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ನಡೆಸುವ ನಾಯಿ ಲಸಿಕಾ ಶಿಬಿರಗಳಲ್ಲಿ, ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಟ್ಟಿಗಾದರೂ, ಚುಚ್ಚುಮದ್ದಿನ ಜೊತೆಗೆ ಒಂದು ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಲಿ, ಅದನ್ನು ವರ್ಷಕ್ಕೆ ಒಂದೇ ಸಲ ಕೊಟ್ಟರೆ ಸಾಲದೆಂದು ನಾಯಿ ಹಿಡಿದು ಬಂದವರಿಗೆ ಹೇಳಿ ಕಳಿಸಲಿ.